ಚಿತ್ರದ ಮೂಲೆಯ ಹೆಸರು

ಹುಚ್ಚು ಎಂಬುದು ಮನುಷ್ಯನಿಗೆ ಭೂಷಣವೋ ದೂಷಣವೋ ಎಂಬ ಪ್ರಶ್ನೆಗೆ ಶಾಸ್ತ್ರಕಾರರು ಏನು ಉತ್ತರ ಕೊಟ್ಟಿರುವರೋ ನಾನರಿಯೆ. ಲೋಕವ್ಯವಹಾರದಲ್ಲಿ ಮಾತ್ರ ಕೆಲವು ಹುಚ್ಚುಗಳಿಗೆ ಮರ್ಯಾದೆಯುಂಟು, ಕೆಲವಕ್ಕೆ ಇಲ್ಲ. ಹಳೆಯ ನಾಣ್ಯಗಳನ್ನು ಕೂಡಿಹಾಕುವವನನ್ನು ಜನ ಸಂಶೋಧಕನೆನ್ನುತ್ತಾರೆ. ಅಂಚೆಚೀಟಿಗಳನ್ನು ಅಂಟಿಸಿಕೊಂಡು ಕೂರುವವನನ್ನು ರಸಿಕನೆನ್ನುತ್ತಾರೆ. ತಾಳೆಗರಿಯ ಕಟ್ಟನ್ನು ಎದೆಗವಚಿಕೊಂಡು ಊರೂರು ಅಲೆದವನಿಗೆ ವಿಶ್ವವಿದ್ಯಾನಿಲಯಗಳು ಶಾಲು ಹೊದಿಸುತ್ತವೆ. ಆದರೆ ತಲೆ ನರೆತ ಗೃಹಸ್ಥನೊಬ್ಬನು ಜಗುಲಿಯ ಮೇಲೆ ಕುಳಿತು, ಮಕ್ಕಳು ಓದುವ ಚಿತ್ರಕಥೆಯ ಪುಸ್ತಕವನ್ನು ಬೆಳಕಿಗೆ ಹಿಡಿದು, ಬೇತಾಳನ ಕೂದಲಿನ ಗೆರೆಗಳನ್ನು ಎಣಿಸತೊಡಗಿದರೆ ಹಾದಿಹೋಕರು ಪರಸ್ಪರ ಮುಖ ನೋಡಿಕೊಂಡು ನಗುತ್ತಾರೆ. ಇನ್ನು ಮೂವತ್ತು ವರ್ಷಗಳ ಹಿಂದೆ ದೂರದರ್ಶನದಲ್ಲಿ ಬಂದುಹೋದ ಧಾರಾವಾಹಿಯ ಕಥೆಯನ್ನು ಕಂತುಕಂತಾಗಿ ಹೇಳಲು ಆರಂಭಿಸಿದನೆಂದರೆ ಮನೆಯವರೇ ಏನಾದರೊಂದು ಕೆಲಸದ ನೆಪ ಹೂಡಿ ಒಳಗೆ ಹೋಗುತ್ತಾರೆ.

ಈ ಎರಡು ಹುಚ್ಚುಗಳೂ ಒಟ್ಟಿಗೆ ಹಿಡಿದವರು ನನ್ನ ದೊಡ್ಡಪ್ಪ. ಅವರು ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದು ನಿವೃತ್ತರಾದವರು. ಈಗ ಎಂಬತ್ತರ ಹತ್ತಿರದ ವಯಸ್ಸು. ಅವರ ಟ್ರಂಕಿನ ಕಥೆಯನ್ನು ಹೇಳುವುದಕ್ಕಾಗಿಯೇ ಈ ಪ್ರಬಂಧವನ್ನು ಬರೆಯಲು ಕುಳಿತಿದ್ದೇನೆ.

ನಮ್ಮ ಊರು ಹರಪನಹಳ್ಳಿ ತಾಲ್ಲೂಕಿನ ನೀಲಗುಂದ. ಊರು ಇದ್ದಲ್ಲೇ ಇದ್ದರೂ ಜಿಲ್ಲೆಗಳು ಮಾತ್ರ ಅದರ ಮೇಲೆ ಮೋಡಗಳಂತೆ ಹಾದುಹೋಗುತ್ತಲೇ ಇವೆ. ಬಳ್ಳಾರಿ ಜಿಲ್ಲೆಯಲ್ಲಿದ್ದ ನಮ್ಮ ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಸೇರಿತು. ಇಪ್ಪತ್ತು ವರ್ಷ ಕಳೆದ ಮೇಲೆ ಮರಳಿ ಬಳ್ಳಾರಿಗೆ ಬಂದಿತು. 2021ರಲ್ಲಿ ಹೊಸ ವಿಜಯನಗರ ಜಿಲ್ಲೆಯ ಪಾಲಾಯಿತು. ದೊಡ್ಡಪ್ಪನವರು ಪ್ರತಿಯೊಂದು ಪುಸ್ತಕದ ಮೊದಲ ಪುಟದಲ್ಲಿಯೂ ತಮ್ಮ ಹೆಸರು, ಊರು, ತಾಲ್ಲೂಕು, ಜಿಲ್ಲೆಗಳನ್ನು ದುಂಡಾಗಿ ಬರೆಯುವವರಾದುದರಿಂದ, ಪುಸ್ತಕ ಯಾವ ಕಾಲದಲ್ಲಿ ಮನೆಗೆ ಬಂದಿತೆಂಬುದನ್ನು ಜಿಲ್ಲೆಯ ಹೆಸರಿನಿಂದಲೇ ಊಹಿಸಬಹುದು.

ಊರಿನ ಹಿರಿಮೆಯೆಂದರೆ ಕಲ್ಯಾಣ ಚಾಲುಕ್ಯರ ಕಾಲದ ಭೀಮೇಶ್ವರ ದೇವಾಲಯ. ಬಳಪದ ಕಲ್ಲಿನಲ್ಲಿ ಕಡೆದ ಅದರ ಕುಸುರಿ ಕೆಲಸವನ್ನು ನೋಡಲು ದೂರದೂರದಿಂದ ವಿದ್ವಾಂಸರು ಬರುವುದುಂಟು. ನಮಗೆ ಹುಡುಗರಿಗೆ ಅದು ಬಿಸಿಲು ಹೊತ್ತಿನಲ್ಲಿ ತಣ್ಣಗೆ ಕುಳಿತುಕೊಳ್ಳುವ ಜಾಗವಾಗಿತ್ತು. ದೊಡ್ಡಪ್ಪನವರು ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು, "ಇದನ್ನು ಕೆತ್ತಿದವನ ಹೆಸರೇನು?" ಎಂದು ಕೇಳುತ್ತಿದ್ದರು. ಮಕ್ಕಳು ಅರಸರ ಹೆಸರು ಹೇಳುತ್ತಿದ್ದರು. "ಅರಸ ಉಳಿ ಹಿಡಿದಿದ್ದನೇನು?" ಎಂದು ಅವರು ಮರುಪ್ರಶ್ನೆ ಹಾಕುತ್ತಿದ್ದರು. ಆ ಪ್ರಶ್ನೆ ಅವರ ಬಾಳಿನ ಪ್ರಶ್ನೆಯೇ ಆಗಿತ್ತೆಂದು ನನಗೆ ಈಗ ತೋರುತ್ತದೆ. ಬೇಲೂರಿನ ಮದನಿಕೆಯ ಬುಡದಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಹೆಸರುಗಳನ್ನು ಬರೆದಿಟ್ಟರು. ಸೋಮನಾಥಪುರದಲ್ಲಿ ಮಲ್ಲಿತಮ್ಮ ಬರೆದ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಶಾಸನ ಅನಿವಾರಿತಾಚಾರಿ ಗುಂಡನನ್ನು ಹೊಗಳುತ್ತದೆ. ಹೀಗೆ ಹೆಸರುಳಿದವರು ಕೆಲವರು. ಹೆಸರಿಲ್ಲದೆ ಹೋದವರು ಸಾವಿರಾರು.

ಟ್ರಂಕಿನೊಳಗೆ ಇದ್ದ ಸಂಪತ್ತನ್ನು ಇನ್ನು ವರ್ಣಿಸುತ್ತೇನೆ. ತಳದಲ್ಲಿ 'ಚಂದಮಾಮ'ದ ಸಂಚಿಕೆಗಳು, ವರ್ಷಕ್ಕೊಂದರಂತೆ ದಾರದಲ್ಲಿ ಹೊಲಿದು ರಟ್ಟು ಕಟ್ಟಿದವು. ಅವುಗಳ ಮೇಲೆ ಇಂದ್ರಜಾಲ ಕಾಮಿಕ್ಸ್. ಎಲ್ಲಕ್ಕೂ ಮೇಲೆ ಅಮರ ಚಿತ್ರಕಥೆಯ ಪುಸ್ತಕಗಳು. ನಡುನಡುವೆ ಬೇವಿನ ಒಣಗಿದ ಎಲೆಗಳು. ನಾನು ಅಕ್ಷರ ಕಲಿತದ್ದು ಶಾಲೆಯಲ್ಲಿಯಾದರೂ ಓದಲು ಕಲಿತದ್ದು ಆ ಟ್ರಂಕಿನ ಮುಂದೆ. ಕೈ ತೊಳೆದು ಬಂದಿದ್ದೇನೆಂದು ತೋರಿಸಿದ ಮೇಲೆಯೇ ಬೀಗ ತೆರೆಯುತ್ತಿತ್ತು.

'ಚಂದಮಾಮ'ವು 1947ರ ಜುಲೈನಲ್ಲಿ ಮದರಾಸಿನಲ್ಲಿ ನಾಗಿರೆಡ್ಡಿ, ಚಕ್ರಪಾಣಿಯವರ ಕೈಯಲ್ಲಿ ಹುಟ್ಟಿ, 1949ರಲ್ಲಿ ಕನ್ನಡದಲ್ಲಿಯೂ ಬರತೊಡಗಿತು. ಅದರ ಕಥೆಗಳನ್ನು ಮೆಚ್ಚಿದವರು ಲಕ್ಷಾಂತರ ಮಂದಿ; ಚಿತ್ರ ಬರೆದವರ ಹೆಸರನ್ನು ಕೇಳಿದವರು ಎಷ್ಟು ಜನ? 'ಚಿತ್ರಾ' ಎಂಬ ಅಂಕಿತದ ರಾಘವನ್, ಮಹಾಭಾರತದ ವರ್ಣಚಿತ್ರಗಳನ್ನು ಬರೆದ ನಮ್ಮ ಕನ್ನಡದವರೇ ಆದ ಎಂ.ಟಿ.ವಿ. ಆಚಾರ್ಯ, ತೆಲುಗಿನ ವಡ್ಡಾದಿ ಪಾಪಯ್ಯ, 'ಶಂಕರ್' ಎಂದು ರುಜು ಹಾಕುತ್ತಿದ್ದ ಕೆ.ಸಿ. ಶಿವಶಂಕರನ್. ಹಿರಿದ ಕತ್ತಿ ಒಂದು ಕೈಯಲ್ಲಿ, ಹೆಗಲ ಮೇಲೆ ಹೆಣ, ಹಿಂದೆ ಸ್ಮಶಾನದ ಕತ್ತಲೆ. ಹೀಗೆ ನಡೆದು ಬರುವ ವಿಕ್ರಮನನ್ನು ಮೂರು ತಲೆಮಾರಿನ ಮಕ್ಕಳ ಕಣ್ಣಿನಲ್ಲಿ ನಿಲ್ಲಿಸಿದವರು ಶಂಕರ್. 1924ರಲ್ಲಿ ಹುಟ್ಟಿ 2020ರಲ್ಲಿ ತೀರಿಕೊಂಡ ಅವರನ್ನು ಪತ್ರಿಕೆಗಳು ಆಗ ನೆನೆದವು. ದೊಡ್ಡಪ್ಪನವರಿಗೆ ಆ ಹೆಸರು ಅರವತ್ತು ವರ್ಷಗಳಿಂದ ಮನೆಯ ನೆಂಟರ ಹೆಸರಿನಂತೆ ಪರಿಚಿತವಾಗಿತ್ತು. ರುಜುವನ್ನು ಬೆರಳಿನಿಂದ ಮುಚ್ಚಿ, "ಇದು ಯಾರ ಕೈ ಹೇಳು" ಎಂದು ನನ್ನನ್ನು ಪರೀಕ್ಷಿಸುತ್ತಿದ್ದರು. ಬಟ್ಟೆಯ ಮಡಿಕೆ ಬೀಳುವ ರೀತಿ, ಕುದುರೆಯ ಕುತ್ತಿಗೆಯ ಬಾಗು, ಮರದ ಬೇರು ನೆಲ ಕಚ್ಚುವ ಬಗೆ, ಇವುಗಳಿಂದಲೇ ಹೇಳಬೇಕು. ನನಗೆ ಎಂ.ಎ. ತರಗತಿಯಲ್ಲಿ ಗ್ರಂಥಸಂಪಾದನಶಾಸ್ತ್ರವನ್ನು ಕಲಿಸಿದ ಗುರುಗಳು, ಶೈಲಿಯಿಂದ ಕರ್ತೃವನ್ನು ಗುರುತಿಸುವ ಕ್ರಮವನ್ನು ವಿವರಿಸಿದಾಗ, ಇದನ್ನು ನಾನು ಎಂಟನೆಯ ವಯಸ್ಸಿನಲ್ಲಿಯೇ ಅಭ್ಯಾಸ ಮಾಡಿದ್ದೆನಲ್ಲಾ ಎಂದು ಒಳಗೊಳಗೆ ಹಿಗ್ಗಿದ್ದುಂಟು.

ಇದು ನಮ್ಮೊಬ್ಬರದೇ ವಿಚಿತ್ರವಲ್ಲ. ಅಮೆರಿಕದಲ್ಲಿ ಡೊನಾಲ್ಡ್ ಡಕ್ ಬಾತುಕೋಳಿಯ ಕಥೆಗಳನ್ನು ಅನೇಕರು ಬರೆಯುತ್ತಿದ್ದರು. ಪುಸ್ತಕದಲ್ಲಿ ಯಾರ ಹೆಸರೂ ಇರುತ್ತಿರಲಿಲ್ಲ. ಓದುವ ಮಕ್ಕಳಿಗೆ ಮಾತ್ರ ಅವರಲ್ಲೊಬ್ಬನ ಕೈ ಉಳಿದವರಿಗಿಂತ ಮೇಲೆಂಬುದು ತಿಳಿದುಹೋಗಿತ್ತು. ಹೆಸರು ತಿಳಿಯದೆ ಅವನನ್ನು 'ಒಳ್ಳೆಯ ಬಾತಿನ ಚಿತ್ರಗಾರ' ಎಂದು ಕರೆದುಕೊಳ್ಳುತ್ತಿದ್ದರು. ಆ ಮಕ್ಕಳು ಬೆಳೆದು ದೊಡ್ಡವರಾಗಿ, 1960ರ ಸುಮಾರಿನಲ್ಲಿ ಪತ್ರ ಬರೆದು ವಿಚಾರಿಸಿ, ಆತ ಕಾರ್ಲ್ ಬಾರ್ಕ್ಸ್ ಎಂಬುವನೆಂದು ಪತ್ತೆಮಾಡಿದರು. ಅಷ್ಟು ಹೊತ್ತಿಗೆ ಆತನಿಗೆ ಅರವತ್ತು ಸಮೀಪಿಸಿತ್ತು. ತನ್ನ ಚಿತ್ರಗಳಿಗೆ ಅಭಿಮಾನಿಗಳಿದ್ದಾರೆಂಬುದನ್ನು ಕಲಾವಿದನೊಬ್ಬ ಆ ವಯಸ್ಸಿನಲ್ಲಿ ಮೊದಲಬಾರಿಗೆ ತಿಳಿಯುವುದೆಂದರೆ ಆ ಸಂತೋಷ ಎಂತಹುದಿರಬೇಕು, ನೀವೇ ಊಹಿಸಿ.

ಅಮರ ಚಿತ್ರಕಥೆಯ ವಿಷಯದಲ್ಲಿ ಕನ್ನಡಿಗರಾದ ನಾವು ಒಂದಿಷ್ಟು ಹೆಮ್ಮೆ ಪಟ್ಟುಕೊಳ್ಳಬಹುದು. ಅದರ ಸಂಪಾದಕರಾದ ಅನಂತ ಪೈಯವರು 1929ರಲ್ಲಿ ಕಾರ್ಕಳದಲ್ಲಿ ಜನಿಸಿದವರು. 1967ರಲ್ಲಿ ದೆಹಲಿಯ ದೂರದರ್ಶನದಲ್ಲಿ ನಡೆದ ರಸಪ್ರಶ್ನೆಯೊಂದರಲ್ಲಿ ಗ್ರೀಕ್ ಪುರಾಣದ ಪ್ರಶ್ನೆಗೆ ಥಟ್ಟನೆ ಉತ್ತರಿಸಿದ ಮಕ್ಕಳು ರಾಮನ ತಾಯಿ ಯಾರೆಂಬ ಪ್ರಶ್ನೆಗೆ ತಡವರಿಸಿದುದನ್ನು ಕಂಡು ಅವರು ಈ ಮಾಲೆಗೆ ಮನಸ್ಸು ಮಾಡಿದರೆಂಬ ಕಥೆ ಪ್ರಸಿದ್ಧವಾಗಿದೆ. ಅದಕ್ಕೂ ಮೊದಲೇ, 1965ರಲ್ಲಿ, ಇಂಡಿಯಾ ಬುಕ್ ಹೌಸಿನ ಬೆಂಗಳೂರು ಶಾಖೆಯ ಜಿ.ಕೆ. ಅನಂತರಾಮ್ ಎಂಬವರ ಪ್ರಯತ್ನದಿಂದ ಈ ಹೆಸರಿನ ಪುಸ್ತಕಗಳು ಕನ್ನಡದಲ್ಲಿ ಹೊರಬಂದು ಚೆನ್ನಾಗಿ ಮಾರಾಟವಾದವೆಂದೂ, ಅದೇ ಮುಂದಿನ ಸಾಹಸಕ್ಕೆ ಧೈರ್ಯ ಕೊಟ್ಟಿತೆಂದೂ ಹೇಳುತ್ತಾರೆ. ಮೊದಲ ಹತ್ತು ಸಂಚಿಕೆಗಳು ಸಿಂಡರೆಲ್ಲಾ ಮುಂತಾದ ಪಾಶ್ಚಾತ್ಯ ಕಥೆಗಳು. ಹನ್ನೊಂದನೆಯದು ರಾಮ್ ವಾಯೀರ್‌ಕರ್ ಚಿತ್ರ ಬರೆದ 'ಕೃಷ್ಣ'. ಬಾಲಕೃಷ್ಣನಿಗೆ ಮೊದಲನೆಯ ಸ್ಥಾನ ತಪ್ಪಿ ಹನ್ನೊಂದನೆಯದು ದೊರಕಿದ ಗುಟ್ಟು ಇದು.

ಇಂದ್ರಜಾಲ ಕಾಮಿಕ್ಸ್ 1964ರ ಮಾರ್ಚಿಯಿಂದ 1990ರವರೆಗೆ ಬಂದಿತು. ಲೀ ಫಾಕ್ 1936ರಲ್ಲಿ ಸೃಷ್ಟಿಸಿದ ಫ್ಯಾಂಟಮ್ ಅದರ ನಾಯಕ. ಮೂಲದ ಬೆಂಗಲ್ಲಾ ಎಂಬ ದೇಶ ನಮ್ಮ ದೇಶದ ಮುದ್ರಣದಲ್ಲಿ ಡೆಂಕಾಲಿಯಾಯಿತು. 1976ರಲ್ಲಿ ಆಬಿದ್ ಸುರತಿ ಕಥೆ ಬರೆದು ಗೋವಿಂದ ಬ್ರಹ್ಮಣಿಯ ಚಿತ್ರ ಬರೆದ ಬಹಾದ್ದೂರನು ಬಂದಾಗ, ನಮ್ಮ ನೆಲದವನೊಬ್ಬ ವೀರನಾದನೆಂದು ದೊಡ್ಡಪ್ಪನವರಿಗೆ ಬಹಳ ಸಂತೋಷವಾಯಿತಂತೆ. ಕನ್ನಡದ ಪ್ರತಿಗಳನ್ನು ನೋಡುವಾಗ ಅವರು ಇನ್ನೊಂದು ಸೂಕ್ಷ್ಮವನ್ನು ತೋರಿಸುತ್ತಿದ್ದರು. ಪಾತ್ರಗಳ ಬಾಯಿಂದ ಹೊರಡುವ ಮಾತಿನ ಗುಳ್ಳೆಗಳನ್ನು ಇಂಗ್ಲಿಷಿನ ಅಳತೆಗೆ ಬರೆದಿರುತ್ತಾರೆ. ನಮ್ಮ ಕನ್ನಡಕ್ಕೋ ಮೇಲೆ ತಲೆಕಟ್ಟು, ಕೆಳಗೆ ಒತ್ತಕ್ಷರ, ಪದಗಳೂ ಉದ್ದ. ಆ ಸಣ್ಣ ಗುಳ್ಳೆಯೊಳಗೆ ಇಷ್ಟೆಲ್ಲ ಸಂಸಾರವನ್ನು ಕೂರಿಸಬೇಕಾದರೆ ಅನುವಾದಕನು ಮಾತನ್ನು ಬಿಗಿಹಿಡಿಯಲೇಬೇಕು. ಕನ್ನಡದಲ್ಲಿ ಮಿತವಾಗಿ ಬರೆಯುವುದನ್ನು ಕಲಿಯಬೇಕೆಂಬ ವಿದ್ಯಾರ್ಥಿಗಳಿಗೆ ನಾನು ಇಂದಿಗೂ ಈ ಗುಳ್ಳೆಗಳನ್ನು ತೋರಿಸುತ್ತೇನೆ.

ಹಳೆಯದೆಲ್ಲವೂ ಹೊನ್ನೆಂದು ದೊಡ್ಡಪ್ಪನವರು ಎಂದೂ ಹೇಳಿದವರಲ್ಲ. ಅವರಲ್ಲಿ ಒಂದು ದಪ್ಪ ನೋಟುಪುಸ್ತಕವಿದೆ. ಶಾಲೆಯ ಹಾಜರಿ ಪುಸ್ತಕದಷ್ಟು ಅಗಲ. ಅದರಲ್ಲಿ ಪ್ರತಿಯೊಂದು ಚಿತ್ರಕಥೆಗೂ ಒಂದು ಸಾಲು: ಹೆಸರು, ವರ್ಷ, ಚಿತ್ರ ಬರೆದವರು, ಗುಣದೋಷ. ಪುರಾಣದ ಕಥೆಯೊಂದರ ಎದುರಿಗೆ ದೋಷದ ಅಂಕಣದಲ್ಲಿ, "ದೇವತೆಗಳೆಲ್ಲ ಬೆಳ್ಳಗೆ, ರಾಕ್ಷಸರೆಲ್ಲ ಕಪ್ಪಗೆ ಏಕೆ? ನಮ್ಮೂರಿನವರೆಲ್ಲ ರಾಕ್ಷಸರ ಬಣ್ಣದವರೇ" ಎಂದು ಬರೆದಿದ್ದಾರೆ. ಫ್ಯಾಂಟಮ್ ಎದುರಿಗೆ, "ಕಾಡಿನ ಜನಕ್ಕೆ ಕಾಡಿನವನೇ ಒಬ್ಬ ನಾಯಕ ಸಿಗಲಿಲ್ಲವೇ?" ಎಂದಿದೆ. ಪ್ರೀತಿ ಇದ್ದವರು ಮಾತ್ರ ಇಷ್ಟು ಹತ್ತಿರದಿಂದ ನೋಡಿ ಹೀಗೆ ಜಗಳವಾಡಬಲ್ಲರು.

ಆ ನೋಟುಪುಸ್ತಕದ ಉತ್ತರಾರ್ಧವೆಲ್ಲ ದೂರದರ್ಶನಕ್ಕೆ ಮೀಸಲು. 1987ರಲ್ಲಿ ಮನೆಗೆ ಕಪ್ಪುಬಿಳುಪಿನ ಪೆಟ್ಟಿಗೆಯೊಂದು ಬಂದಿತು. ಆ ವರ್ಷದ ಜನವರಿ 25ರಂದು ಆರಂಭವಾಗಿ 1988ರ ಜುಲೈ 31ಕ್ಕೆ ಮುಗಿದ 'ರಾಮಾಯಣ'ವನ್ನು ನೋಡಲು ಆದಿತ್ಯವಾರ ಬೆಳಗ್ಗೆ ಓಣಿಯ ಜನವೆಲ್ಲ ನಮ್ಮ ಪಡಸಾಲೆಯಲ್ಲಿ ನೆರೆಯುತ್ತಿದ್ದರಂತೆ. ಅದಕ್ಕೂ ಮೊದಲು ಅದೇ ರಮಾನಂದ ಸಾಗರರು 1985ರಲ್ಲಿ 'ವಿಕ್ರಮ್ ಔರ್ ಬೇತಾಳ್' ಎಂಬ ಧಾರಾವಾಹಿಯನ್ನು ತೆಗೆದಿದ್ದರು; ಮುಂದೆ ರಾಮನಾದ ಅರುಣ್ ಗೋವಿಲ್ ಅಲ್ಲಿ ವಿಕ್ರಮನಾಗಿದ್ದರು. ಶಂಕರರ ಗೆರೆಯಲ್ಲಿ ಬೇತಾಳನನ್ನು ಕಂಡಿದ್ದ ದೊಡ್ಡಪ್ಪನವರು ಇದನ್ನು ಮುಂದೆ ನೆಂಟರ ಮನೆಯಲ್ಲಿ ನೋಡಿ ಬಂದು, "ಕಾಗದದ ಮೇಲಿನ ಬೇತಾಳನೇ ಹೆಚ್ಚು ಹಗುರವಾಗಿ ಹಾರುತ್ತಾನೆ" ಎಂದು ಟಿಪ್ಪಣಿ ಹಾಕಿದ್ದಾರೆ.

ಬೆಂಗಳೂರಿನ ದೂರದರ್ಶನ ಕೇಂದ್ರ 1981ರ ನವೆಂಬರಿನಲ್ಲಿ ಆರಂಭವಾಯಿತು. ಮುಂದಿನ ಹತ್ತು ಹದಿನೈದು ವರ್ಷ ಕನ್ನಡದಲ್ಲಿ ಬಂದ ಧಾರಾವಾಹಿಗಳನ್ನು ಇಂದು ಎಷ್ಟು ಜನ ನೆನೆಯುತ್ತಾರೆ? 'ಸಿಹಿಕಹಿ' ಎಂಬ ಧಾರಾವಾಹಿಯ ಕಥೆ ಬಹುಮಂದಿಗೆ ಮರೆತುಹೋಗಿದೆ. ಅದರಲ್ಲಿ ಅಭಿನಯಿಸಿದ ಚಂದ್ರು ಮತ್ತು ಗೀತಾ ಅವರ ಹೆಸರುಗಳ ಹಿಂದೆ ಮಾತ್ರ ಅದು ಮನೆತನದ ಹೆಸರಿನಂತೆ ಅಂಟಿಕೊಂಡು ಬದುಕಿದೆ. ಸದಾನಂದ ಸುವರ್ಣರು ಕರಾವಳಿಯ ಹಿನ್ನೆಲೆಯಲ್ಲಿ ನಿರ್ದೇಶಿಸಿದ, ಪ್ರಕಾಶ್ ರೈ ಅಭಿನಯಿಸಿದ 'ಗುಡ್ಡದ ಭೂತ'ವನ್ನು ಆ ಕಾಲದ ಮಕ್ಕಳು ಚಾಪೆಯೊಳಗೆ ಮುಖ ಹುದುಗಿಸಿಕೊಂಡು ನೋಡಿದರು. ಅವರೇ ದೊಡ್ಡವರಾದ ಮೇಲೆ, 2015ರಲ್ಲಿ 'ರಂಗಿತರಂಗ' ಚಲನಚಿತ್ರ ಬಂದಾಗ, ಆ ಹಳೆಯ ಭೂತವನ್ನು ನೆನೆದು ಪುಳಕಿತರಾದರು. ಇನ್ನು ಶಂಕರ್ ನಾಗ್ ಅವರ 'ಮಾಲ್ಗುಡಿ ಡೇಸ್' ಹಿಂದಿಯಲ್ಲಿದ್ದರೂ ನಮ್ಮದೇ. ಆಗುಂಬೆಯ ಮಳೆ, ಆರ್.ಕೆ. ನಾರಾಯಣರ ಕಥೆ, ಅವರ ತಮ್ಮ ಆರ್.ಕೆ. ಲಕ್ಷ್ಮಣರ ರೇಖೆ, ಎಲ್. ವೈದ್ಯನಾಥನ್ ಅವರ ಸಂಗೀತ. ಕಾಮಿಕ್ಸ್ ಮತ್ತು ದೂರದರ್ಶನಗಳೆರಡನ್ನೂ ಪ್ರೀತಿಸುವವನಿಗೆ ಇದಕ್ಕಿಂತ ಸವಿಯಾದ ಕೂಟವುಂಟೇ? ಅದರ ಚಿತ್ರೀಕರಣ ನಡೆದ ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣದಲ್ಲಿ 2020ರಲ್ಲಿ ಮಾಲ್ಗುಡಿಯ ವಸ್ತುಸಂಗ್ರಹಾಲಯವೊಂದು ತೆರೆಯಿತು.

ಪುಸ್ತಕವಾದರೆ ಟ್ರಂಕಿನಲ್ಲಿಟ್ಟು ಬೀಗ ಹಾಕಬಹುದು. ದೂರದರ್ಶನದ ಕಂತನ್ನು ಹಳ್ಳಿಯ ಮೇಷ್ಟ್ರು ಹೇಗೆ ಇಟ್ಟುಕೊಳ್ಳಬೇಕು? ದೊಡ್ಡಪ್ಪನವರು ಕಂತು ಮುಗಿದ ಕೂಡಲೇ ನೋಟುಪುಸ್ತಕ ತೆಗೆದು, ತಾರೀಖು, ನಟರ ಹೆಸರು, ಕಥೆಯ ಸಾರ ನಾಲ್ಕು ಸಾಲು, ಮರೆಯಲಾಗದ ಒಂದು ದೃಶ್ಯ, ಇಷ್ಟನ್ನು ಬರೆದಿಡುತ್ತಿದ್ದರು. ಕರೆಂಟು ಹೋಗಿ ಕಂತು ಅರ್ಧಕ್ಕೆ ನಿಂತ ದಿನ "ಉಳಿದದ್ದು ಕತ್ತಲೆ" ಎಂದು ಬರೆದಿದ್ದಾರೆ. ಇದನ್ನು ನೋಡಿ ನಗುವವರಿಗೆ ನಾನು ಇಂಗ್ಲೆಂಡಿನ ಒಂದು ಸಂಗತಿ ಹೇಳುವುದುಂಟು. ಅಲ್ಲಿ 1963ರಲ್ಲಿ ಆರಂಭವಾದ 'ಡಾಕ್ಟರ್ ಹೂ' ಎಂಬ ಧಾರಾವಾಹಿಯ ಹಳೆಯ ಟೇಪುಗಳನ್ನು ಇನ್ನು ಯಾರಿಗೆ ಬೇಕೆಂದು ಬಿ.ಬಿ.ಸಿ.ಯವರೇ ಅಳಿಸಿಹಾಕಿದರು. ಹಲವಾರು ಕಂತುಗಳ ಚಿತ್ರ ಹೀಗೆ ನಷ್ಟವಾಯಿತು. ಆದರೆ ಆ ಕಾಲದಲ್ಲಿ ಮನೆಯಲ್ಲಿ ಕುಳಿತ ಅಭಿಮಾನಿಗಳು ತಮ್ಮ ಟೇಪ್ ರೆಕಾರ್ಡರನ್ನು ಟೆಲಿವಿಷನ್ನಿನ ಮುಂದೆ ಹಿಡಿದು ಧ್ವನಿಯನ್ನು ತುಂಬಿಕೊಂಡಿದ್ದರು. ಕಳೆದುಹೋದ ಎಲ್ಲ ಕಂತುಗಳ ಧ್ವನಿಯೂ ಇಂದು ಉಳಿದಿರುವುದು ಆ ಹುಚ್ಚರ ಕೃಪೆಯಿಂದ. ದೊಡ್ಡ ಸಂಸ್ಥೆ ಬಿಸಾಡಿದುದನ್ನು ಸಣ್ಣವರು ಆರಿಸಿ ಇಟ್ಟುಕೊಂಡರು.

ಈಗ ಕಥೆ ಕಷ್ಟದ ಕಡೆಗೆ ತಿರುಗುತ್ತದೆ.

ಕೆಲವು ವರ್ಷಗಳಿಂದ ದೊಡ್ಡಪ್ಪನವರ ದೃಷ್ಟಿ ಅಂಚಿನಿಂದ ಒಳಕ್ಕೆ ಮಬ್ಬಾಗುತ್ತ ಬಂದಿತು. ಗ್ಲಾಕೋಮಾ ಎಂದರು ವೈದ್ಯರು. ಕಣ್ಣಿನ ನರ ಸೊರಗುವ ಈ ರೋಗದಲ್ಲಿ ಉಳಿದಿರುವ ದೃಷ್ಟಿಯನ್ನು ಕಾಪಾಡಲು ಯತ್ನಿಸಬಹುದು, ಹೋದದ್ದು ಮರಳುವುದಿಲ್ಲ. ಈಗ ಅವರಿಗೆ ಬೆಳಕು ಕತ್ತಲೆಗಳ ಭೇದ ತಿಳಿಯುತ್ತದೆ, ಅಷ್ಟೆ. ಹರಪನಹಳ್ಳಿಯಲ್ಲಿ ಮನೆ ಮಾಡಿರುವ ನಾನು ಆದಿತ್ಯವಾರಗಳಲ್ಲಿ ಊರಿಗೆ ಹೋಗುತ್ತೇನೆ. ಹೋದಾಗ ಅವರು ಟ್ರಂಕಿನಿಂದ ಒಂದು ಸಂಪುಟ ತೆಗೆಸಿ, ಚಿತ್ರಗಳನ್ನು ಬಾಯಿಯಲ್ಲಿ ವರ್ಣಿಸಲು ಹೇಳುತ್ತಾರೆ. ಒಮ್ಮೆ ಸ್ಮಶಾನದ ಚಿತ್ರವೊಂದನ್ನು ವರ್ಣಿಸುತ್ತಿದ್ದೆ. "ಬಲಗಡೆ ಮೂಲೆಯಾಗ ಒಂದು ನರಿ ಐತೆ, ಬಿಟ್ಟೆಯಲ್ಲೋ" ಎಂದರು. ಪುಟದ ಆ ಮೂಲೆ ಎಂದೋ ಹರಿದುಹೋಗಿತ್ತು. ಆ ನರಿ ನಮ್ಮ ಮನೆಯಲ್ಲಿ ಈಗ ಉಳಿದಿರುವುದು ಕಣ್ಣು ಕಾಣದ ಅವರ ತಲೆಯೊಳಗೆ ಮಾತ್ರ.

ಕಳೆದ ಮಳೆಗಾಲದಲ್ಲಿ ನಮ್ಮ ಹಳೆಯ ಮನೆಯ ಹಿಂದಿನ ಅಂಕಣದ ಮಣ್ಣಿನ ಮಾಳಿಗೆ ಕುಸಿಯಿತು. ದೊಡ್ಡಪ್ಪನವರ ಮಗ, ನನಗೆ ಅಣ್ಣ, ಮೆಕ್ಕೆಜೋಳದ ಬೇಸಾಯದಲ್ಲಿ ಬಂದುದನ್ನೆಲ್ಲ ಸಾಲಕ್ಕೆ ಕಟ್ಟಿ ಕೈಬರಿದು ಮಾಡಿಕೊಂಡಿದ್ದ. ಆಗಲೇ ಯಾರಿಂದಲೋ ವಿಷಯ ತಿಳಿದ ಬೆಂಗಳೂರಿನ ತರುಣನೊಬ್ಬ ಟ್ರಂಕಿನ ಪುಸ್ತಕಗಳನ್ನು ಕೊಳ್ಳುವುದಾಗಿ ಹೇಳಿ ಕಳಿಸಿದ. ಮನೆಯಲ್ಲಿ ಮಾತಿಗೆ ಮಾತು ಬೆಳೆಯಿತು. "ತಮ್ಮಾ, ನೀನು ಓದಿದವನು, ನಿನಗೆ ಪುಸ್ತಕ ದೊಡ್ಡದು. ಸೋರೋ ಮನೆಯಾಗ ಮಲಗೋರು ನಾವು" ಎಂದ ಅಣ್ಣ. ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. "ಮಾವನವರಿಗೆ ಕಾಣೋದಿಲ್ಲ, ಹುಡುಗರು ಮೊಬೈಲ್ ಬಿಟ್ಟು ಇದನ್ನು ಮುಟ್ಟೋದಿಲ್ಲ; ಇಲಿ ತಿನ್ನೋದಕ್ಕಿಂತ ಬೇಕಾದೋರು ಒಯ್ಯಲಿ ಬಿಡ್ರಿ" ಎಂದರು ಅತ್ತಿಗೆ. ಅದರಲ್ಲಿಯೂ ಸುಳ್ಳಿರಲಿಲ್ಲ. ನಾನೇ ಹಣ ಕೊಟ್ಟು ಟ್ರಂಕನ್ನು ಇಟ್ಟುಕೊಳ್ಳುತ್ತೇನೆಂದೆ. ಕಾಲೇಜಿನ ಅಧ್ಯಾಪಕನ ಸಂಬಳದಲ್ಲಿ, ಇಬ್ಬರು ಮಕ್ಕಳ ಶಾಲೆಯ ಶುಲ್ಕ ಕಟ್ಟಿದ ತಿಂಗಳಲ್ಲಿ, ಅದು ಎಷ್ಟು ಕಷ್ಟದ ಮಾತೆಂದು ಅಣ್ಣನಿಗೆ ಗೊತ್ತಿತ್ತು. "ತಮ್ಮನಿಂದ ರೊಕ್ಕ ಇಸಗೊಂಡು ಮಾಳಿಗೆ ಹಾಕಿಸಲೇನು?" ಎಂದು ಅವನು ಎದ್ದುಹೋದ.

ತೀರ್ಮಾನ ದೊಡ್ಡಪ್ಪನವರದಾಯಿತು. "ಆ ಹುಡುಗ ಬರಲಿ. ಮೊದಲು ಮಾತಾಡಿಸ್ತೀನಿ" ಎಂದರು.

ತರುಣ ಬಂದ. ಬೇಸಗೆಯ ಮುಂಬಿಸಿಲು. ಗಣಕಯಂತ್ರದ ಕಂಪನಿಯೊಂದರಲ್ಲಿ ಕೆಲಸ, ಮೂವತ್ತು ದಾಟದ ವಯಸ್ಸು. ವ್ಯಾಪಾರದ ಮಾತಿಗೆ ಮುಂಚೆ ದೊಡ್ಡಪ್ಪನವರು ಅವನಿಗೆ ಪರೀಕ್ಷೆ ಇಟ್ಟರು. ಚಿತ್ರಾ ಅವರ ಕೈಗೂ ಶಂಕರರ ಕೈಗೂ ಏನು ವ್ಯತ್ಯಾಸ? ಬಹಾದ್ದೂರನ ಚಿತ್ರ ಬರೆದವರು ಯಾರು? ಆತ ಒಂದೊಂದಕ್ಕೂ ಸರಿಯಾದ ಉತ್ತರ ಕೊಟ್ಟ. ಕೊಟ್ಟು, ತಾನೂ ಒಂದು ಪ್ರಶ್ನೆ ಕೇಳಿದ. ಹತ್ತು ಗಂಟೆಗೆ ಆರಂಭವಾದ ಮಾತು ದೊಡ್ಡವ್ವ ರೊಟ್ಟಿ ಬಡಿದು ಎರಡು ಸಲ ಕರೆದರೂ ನಿಲ್ಲಲಿಲ್ಲ. ಐವತ್ತು ವರ್ಷಗಳ ಅಂತರವಿದ್ದ ಇಬ್ಬರು, ಒಬ್ಬರನ್ನೊಬ್ಬರು ಎಂದೂ ಕಾಣದವರು, ಒಬ್ಬರಿಗಂತೂ ಈಗಲೂ ಇನ್ನೊಬ್ಬರು ಕಾಣದು. ಆದರೂ ಒಂದೇ ಊರಿನಲ್ಲಿ ಬೆ���ೆದವರಂತೆ ಮಾತನಾಡಿದರು. ನಾನು ಕೇಳುತ್ತ ಕುಳಿತಿದ್ದೆ. ಇಷ್ಟು ದಿನ ನನ್ನೊಬ್ಬನನ್ನು ಬಿಟ್ಟರೆ ಅವರಿಗೆ ಈ ಮಾತಿಗೆ ಜೊತೆಯೇ ಇರಲಿಲ್ಲವೆಂಬುದು ಆ ದಿನ ನನಗೆ ಹೊಳೆಯಿತು.

ಆಯ್ಕೆ ಆರಂಭವಾಯಿತು. ತರುಣ ಪುಸ್ತಕಗಳನ್ನು ಬೆರಳ ತುದಿಯಿಂದ ತಿರುವಿ ನೋಡಿ ಎರಡು ಗುಡ್ಡೆ ಮಾಡಿದ. ರಕ್ಷಾಪುಟ ಸರಿಯಿದ್ದವು ಒಂದು ಕಡೆ. ಹರಿದವು, ಎಣ್ಣೆಯ ಕಲೆ ಬಿದ್ದವು, ಮೀಸೆ ಗಡ್ಡ ಗೀಚಿದವು ಇನ್ನೊಂದು ಕಡೆ. "ಮೇಷ್ಟ್ರೇ, ಸಂಗ್ರಹಿಸುವವರು ಇವನ್ನು ಕೊಳ್ಳುವುದಿಲ್ಲ" ಎಂದು ಸಂಕೋಚದಿಂದಲೇ ಹೇಳಿದ. ನಾನು ಎರಡನೆಯ ಗುಡ್ಡೆಯನ್ನು ನೋಡಿದೆ. ನಾವು ಮಕ್ಕಳು ಮತ್ತೆ ಮತ್ತೆ ಕೇಳಿ ಓದಿದ ಪುಸ್ತಕಗಳೆಲ್ಲ ಅಲ್ಲಿದ್ದವು. ಪೇಟೆಯಲ್ಲಿ ಬೆಲೆ ಯಾರೂ ಮುಟ್ಟದ ಪ್ರತಿಗೆ; ಪ್ರೀತಿ ಪುಸ್ತಕವನ್ನು ಹರಿದುಹಾಕುತ್ತದೆ. ಮಾರಾಟಕ್ಕೆ ಯೋಗ್ಯವಾದದ್ದೆಂದರೆ ನಾವು ಅಷ್ಟಾಗಿ ಮೆಚ್ಚದೆ ಬಿಟ್ಟದ್ದು. ಲೆಕ್ಕ ನೋಡಿದರೆ ಮನೆಗೆ ಆದ ನಷ್ಟ ನಾನು ಹೆದರಿದ್ದಕ್ಕಿಂತ ಕಡಿಮೆಯಾಗಿತ್ತು.

ಮೊದಲ ಗುಡ್ಡೆಗೆ ಆತ 18,000 ರೂಪಾಯಿ ಕೊಟ್ಟ. ಚೌಕಾಸಿ ನಡೆಯಲಿಲ್ಲ. ಹೊರಡುವ ಮುನ್ನ ಅವನ ಕಣ್ಣು ಮೂಲೆಯಲ್ಲಿದ್ದ ನೋಟುಪುಸ್ತಕದ ಮೇಲೆ ಬಿದ್ದಿತು. ತೆರೆದು ಓದತೊಡಗಿದವನು ನಿಂತಲ್ಲೇ ನಿಂತ. ಬಳಿಕ ಮೆಲ್ಲಗೆ, "ಮೇಷ್ಟ್ರೇ, ನಾನು ಕೊಂಡೊಯ್ಯಬೇಕಾದದ್ದು ಇದಾಗಿತ್ತು" ಎಂದ. ದೊಡ್ಡಪ್ಪನವರು ನಕ್ಕರು. "ಅದು ಮಾರಾಟಕ್ಕಿಲ್ಲಪ್ಪಾ. ಬೇಕಾದರೆ ಕುಂತು ಬರಕೋ" ಎಂದರು. ಅವನು ತನ್ನ ಮೊಬೈಲಿನಲ್ಲಿ ಆ ಇನ್ನೂರು ಚಿಲ್ಲರೆ ಪುಟಗಳ ಚಿತ್ರವನ್ನೂ ಒಂದೊಂದಾಗಿ ತೆಗೆದುಕೊಂಡು, ಸಂಜೆಯ ಬಸ್ಸಿಗೆ ಹೋದ. ಈಗ ತಿಂಗಳಿಗೊಮ್ಮೆ ದೊಡ್ಡಪ್ಪನವರಿಗೆ ದೂರವಾಣಿ ಮಾಡಿ, ಹೆಸರಿಲ್ಲದ ಚಿತ್ರವೊಂದನ್ನು ವರ್ಣಿಸಿ, ಯಾರ ಕೈ ಇರಬಹುದೆಂದು ಕೇಳುತ್ತಾನೆ. ಆ ದಿನ ಅವರ ಊಟ ಒಂದು ರೊಟ್ಟಿ ಹೆಚ್ಚೇ ಆಗುತ್ತದೆಂದು ದೊಡ್ಡವ್ವ ಹೇಳುತ್ತಾರೆ.

ಮಾಳಿಗೆ ರಿಪೇರಿಯಾಯಿತು. ಹಣ ಸಾಲದಿದ್ದುದಕ್ಕೆ ಅಣ್ಣನೇ ಬಂದು ನನ್ನನ್ನು ಕೇಳಿದ, ಕೊಟ್ಟೆ. ಹರಿದ ಪುಸ್ತಕಗಳ ಟ್ರಂಕು ಹೊಸ ಸೂರಿನ ಕೆಳಗೆ ಒಣಗಿದ ಜಾಗದಲ್ಲಿದೆ. ಬೀಗ ಹಾಕುವ ಪದ್ಧತಿಯನ್ನು ದೊಡ್ಡಪ್ಪನವರೇ ಬಿಡಿಸಿದ್ದಾರೆ. ಅಣ್ಣನ ಕಿರಿಯ ಮಗಳು ಮೊನ್ನೆ ಒಂದನ್ನು ತೆಗೆದು, ಬೇತಾಳನಿಗೆ ತಾನೂ ಒಂದು ಮೀಸೆ ಬರೆದಳು.

ಹಂಪಿಯ ಹಜಾರರಾಮ ದೇವಾಲಯದ ಗೋಡೆಯ ಮೇಲೆ ರಾಮಾಯಣದ ಕಥೆ ಸಾಲುಸಾಲು ಚೌಕಗಳಲ್ಲಿ ಕೆತ್ತಲ್ಪಟ್ಟಿದೆ. ಪ್ರದಕ್ಷಿಣೆ ಹಾಕುತ್ತ ಓದಿಕೊಂಡು ಹೋಗಬೇಕು. ವಿರೂಪಾಕ್ಷನ ರಂಗಮಂಟಪದ ಮೇಲುಛಾವಣಿಯಲ್ಲಿ ಕಥೆ ಬಣ್ಣಗಳಲ್ಲಿದೆ. ತೊಗಲುಬೊಂಬೆಯವರು ಅದೇ ಕಥೆಯನ್ನು ದೀಪದ ಮುಂದೆ ಕುಣಿಸಿ ತೋರಿಸಿದರು. ಚಿತ್ರದಲ್ಲಿ ಕಥೆ ಓದುವ ಅಭ್ಯಾಸ ನಮ್ಮ ಸೀಮೆಗೆ ಹೊಸದೇನೂ ಅಲ್ಲ. ನಾಲ್ಕಾಣೆಯ ಪುಸ್ತಕವೂ ಕಪ್ಪುಬಿಳುಪಿನ ಪೆಟ್ಟಿಗೆಯೂ ಅದರ ಮುಂದಿನ ಕಂತುಗಳು. ಕಲ್ಲನ್ನು ಕಾಯಲು ಸರ್ಕಾರದ ಇಲಾಖೆಯಿದೆ. ಕಾಗದವನ್ನೂ ಕಂತನ್ನೂ ಕಾಯಲು ಬಹುಮಟ್ಟಿಗೆ ಮನೆಮನೆಯ ಹುಚ್ಚರೇ ಇದ್ದಾರೆ. ನಿಮ್ಮ ಅಟ್ಟದ ಮೇಲೂ ಇಂತಹ ಗಂಟೊಂದು ಇದ್ದೀತು. ರದ್ದಿಗೆ ಹಾಕುವ ಮುನ್ನ ಚಿತ್ರದ ಮೂಲೆಯಲ್ಲಿರುವ ಹೆಸರನ್ನಾದರೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಕೂಡಿಟ್ಟವರು ಇನ್ನೂ ಮನೆಯಲ್ಲಿದ್ದರೆ ಒಂದು ಗಳಿಗೆ ಕುಳಿತು ಕೇಳಿ.

ನಾನು ಕೇಳುತ್ತಿದ್ದೇನೆ. ನೋಟುಪುಸ್ತಕದಲ್ಲಿ ಇನ್ನೂ ಖಾಲಿ ಹಾಳೆಗಳಿವೆ. ಆ ಕಾಲದಲ್ಲಿ ಬರೆಯದೆ ಬಿಟ್ಟ ಕಂತುಗಳನ್ನು ದೊಡ್ಡಪ್ಪನವರು ನೆನಪಿನಿಂದ ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಹಳೆಯ ಧಾರಾವಾಹಿಯೊಂದರಲ್ಲಿ ಈಗ ಐದನೆಯ ವಾರಕ್ಕೆ ಬಂದಿದ್ದೇವೆ. ಕಳೆದ ಸಲ ಕಥೆ ಬಿಗಿಯಾದ ಘಟ್ಟಕ್ಕೆ ಬಂದಿತ್ತು. ರಾತ್ರಿಯ ಹೊತ್ತಿನಲ್ಲಿ ಯಾರೋ ಕದ ತಟ್ಟುತ್ತಿದ್ದರು. "ಆಮೇಲೆ?" ಎಂದು ಕೇಳಿದೆ. ದೊಡ್ಡಪ್ಪನವರು ಕಂಬಕ್ಕೆ ಒರಗಿ, ದೂರದರ್ಶನದವರು ಅಂದು ಎಲ್ಲಿ ನಿಲ್ಲಿಸಿದ್ದರೋ ಅಲ್ಲಿಯೇ ನಿಲ್ಲಿಸಿ, "ಉಳಿದದ್ದು ಮುಂದಿನ ಆದಿತ್ಯವಾರ" ಎಂದರು.